ಕಟ್ಟಡವೇ ಉಳಿಸುವ ಇಂಧನ: ತಿರುವನಂತಪುರದ ಸಿ.ಡಿ.ಎಸ್. ಆವರಣ ಮತ್ತು ಲಾರಿ ಬೇಕರ್ ವಿಧಾನ

ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಇಂಧನ ಉಳಿತಾಯ ಎಂದೊಡನೆ ತಾರಸಿಯ ಮೇಲಿನ ಸೌರಫಲಕಗಳು ಕಣ್ಣಮುಂದೆ ಬರುತ್ತವೆ. ಉದ್ಘಾಟನೆಗೆ ಸಚಿವರು ಬರುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಆದರೆ ಫಲಕ ಹೊತ್ತು ನಿಂತಿರುವ ಆ ಕಟ್ಟಡ ಕಟ್ಟುವಾಗಲೇ ಎಷ್ಟು ಸೌದೆ, ಎಷ್ಟು ಕಲ್ಲಿದ್ದಲು ಉರಿದಿದೆ ಎಂದು ಕೇಳುವವರು ಕಡಿಮೆ. ಈ ಪ್ರಶ್ನೆಯನ್ನು ಐವತ್ತು ವರ್ಷಗಳ ಹಿಂದೆಯೇ ಕೇಳಿ, ಇಟ್ಟಿಗೆ ಮತ್ತು ಹೆಂಚಿನಲ್ಲೇ ಉತ್ತರ ಕೊಟ್ಟ ವಿದ್ಯಾ ಆವರಣವೊಂದು ಕೇರಳದ ರಾಜಧಾನಿಯಲ್ಲಿದೆ.

ತಿರುವನಂತಪುರದ ಉಳ್ಳೂರು ಬಳಿಯ ಪ್ರಶಾಂತ ನಗರದಲ್ಲಿ, ಗುಡ್ಡದ ಇಳಿಜಾರಿನ ಸುಮಾರು 10 ಎಕರೆ ಜಾಗದಲ್ಲಿರುವ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಅರ್ಥಶಾಸ್ತ್ರದ ಉನ್ನತ ಅಧ್ಯಯನ ಸಂಸ್ಥೆ. ಎಲ್ಲರೂ ಕರೆಯುವುದು ಸಿ.ಡಿ.ಎಸ್. ಎಂದೇ. ಇಲ್ಲಿ ಸಂಶೋಧನೆ ನಡೆಸಿದವರಿಗೆ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ ಪದವಿ ನೀಡುತ್ತ ಬಂದಿದೆ. ದೆಹಲಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ತಮ್ಮ ತವರು ರಾಜ್ಯಕ್ಕೆ ಮರಳಿ, ಅಂದಿನ ಮುಖ್ಯಮಂತ್ರಿ ಸಿ. ಅಚ್ಯುತ ಮೆನನ್ ಅವರ ಬೆಂಬಲದೊಂದಿಗೆ 1970ರ ದಶಕದ ಆರಂಭದಲ್ಲಿ ಇದನ್ನು ಕಟ್ಟಿದರು. 'ಕೇರಳ ಮಾದರಿ' ಎಂದು ಮುಂದೆ ಹೆಸರಾದ ಚರ್ಚೆ ಹುಟ್ಟಿಕೊಂಡಿದ್ದು ವಿಶ್ವಸಂಸ್ಥೆಗಾಗಿ ಇಲ್ಲಿನವರು ಸಿದ್ಧಪಡಿಸಿದ 1975ರ ಅಧ್ಯಯನದಿಂದ. ಬಡತನದ ಬಗ್ಗೆ ಅಧ್ಯಯನ ಮಾಡುವ ಸಂಸ್ಥೆಗೆ ದುಬಾರಿ ಕಟ್ಟಡ ಹೊಂದುವುದಿಲ್ಲ ಎಂಬ ವಿವೇಕ ಅದರ ಸ್ಥಾಪಕರಿಗಿತ್ತು. ಕಟ್ಟುವ ಕೆಲಸ ಲಾರಿ ಬೇಕರ್ ಕೈಗೆ ಬಂತು.

ಬೇಕರ್ ಯಾರು?

ಲಾರೆನ್ಸ್ ವಿಲ್ಫ್ರೆಡ್ ಬೇಕರ್ ಹುಟ್ಟಿದ್ದು 1917ರ ಮಾರ್ಚ್ 2ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಓದಿದ್ದು ವಾಸ್ತುಶಿಲ್ಪ, ಧರ್ಮದಿಂದ ಕ್ವೇಕರ್. ಎರಡನೇ ಮಹಾಯುದ್ಧದ ಕಾಲದಲ್ಲಿ ಬಂದೂಕು ಹಿಡಿಯದೆ, ಕ್ವೇಕರರ ವೈದ್ಯಕೀಯ ದಳದೊಂದಿಗೆ ಚೀನಾದಲ್ಲಿ ಸೇವೆ ಮಾಡಿದರು. ಮರಳಿ ಹೋಗುವಾಗ ಹಡಗಿಗಾಗಿ ಮುಂಬಯಿಯಲ್ಲಿ ಕಾಯುತ್ತಿದ್ದಾಗ ಗಾಂಧೀಜಿಯವರ ಭೇಟಿಯಾಯಿತು. ಹಳ್ಳಿಯ ಮನೆಗೆ ಬೇಕಾದ ಸಾಮಗ್ರಿಯೆಲ್ಲ ಸುತ್ತಲಿನ ಐದು ಮೈಲಿಯೊಳಗೆ ಸಿಗುವಂತಿರಬೇಕು ಎಂಬ ಗಾಂಧೀಜಿಯವರ ಮಾತು ಬೇಕರ್‌ಗೆ ಜೀವನಪೂರ್ತಿ ಅಳತೆಗೋಲಾಯಿತು. 1945ರಲ್ಲಿ ಕುಷ್ಠರೋಗಿಗಳ ಸೇವಾಸಂಸ್ಥೆಯೊಂದರ ವಾಸ್ತುಶಿಲ್ಪಿಯಾಗಿ ಭಾರತಕ್ಕೆ ಬಂದವರು ಇಲ್ಲಿಯವರೇ ಆದರು. ಕೇರಳ ಮೂಲದ ವೈದ್ಯೆ ಎಲಿಜಬೆತ್ ಜೇಕಬ್ ಅವರನ್ನು ಮದುವೆಯಾಗಿ, ಹಿಮಾಲಯದ ಪಿಥೋರಗಢದಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಇದ್ದು, 1960ರ ದಶಕದಲ್ಲಿ ಕೇರಳಕ್ಕೆ ಬಂದರು. 1989ರಲ್ಲಿ ಭಾರತದ ಪೌರತ್ವ, 1990ರಲ್ಲಿ ಪದ್ಮಶ್ರೀ. 2007ರ ಏಪ್ರಿಲ್ 1ರಂದು ತಿರುವನಂತಪುರದಲ್ಲೇ ತೀರಿಕೊಂಡರು.

ಪಿಥೋರಗಢದಲ್ಲಿ ಅವರು ಕಲಿತದ್ದೇ ಮುಂದಿನ ಕೆಲಸಕ್ಕೆ ಬಂಡವಾಳ. ಕಲ್ಲು, ಮಣ್ಣು, ಮರದಿಂದ ಊರವರು ಕಟ್ಟುತ್ತಿದ್ದ ಮನೆಗಳು ಅಲ್ಲಿನ ಚಳಿಗೆ, ಇಳಿಜಾರಿಗೆ, ಜೇಬಿಗೆ ಒಪ್ಪುವಂತಿದ್ದವು. ಇಂಗ್ಲೆಂಡಿನ ಕಾಲೇಜಿನ ಪಾಠ ಅಲ್ಲಿ ನಡೆಯುತ್ತಿರಲಿಲ್ಲ.

ಗುಡ್ಡ ಅಗೆಯದ ವಿನ್ಯಾಸ

ಸಿ.ಡಿ.ಎಸ್. ಆವರಣಕ್ಕೆ ಹೋದವರಿಗೆ ಮೊದಲು ಕಾಣುವುದು ಏಳು ಅಂತಸ್ತಿನ ಗ್ರಂಥಾಲಯದ ಗೋಪುರ. ಅದರ ಸುತ್ತ ಕಚೇರಿ, ತರಗತಿ, ಸಭಾಂಗಣ, ವಿದ್ಯಾರ್ಥಿನಿಲಯಗಳು ಚೆದುರಿದಂತೆ ನಿಂತಿವೆ. ನೆಲ ಸಮತಟ್ಟು ಮಾಡಿ ನಕ್ಷೆ ಎಳೆಯುವುದು ಸಾಮಾನ್ಯ ಕ್ರಮ. ಇಲ್ಲಿ ಇಳಿಜಾರು ಹೇಗಿದೆಯೋ ಹಾಗೆಯೇ ಬಿಟ್ಟು, ಒಂದೊಂದು ಕಟ್ಟಡಕ್ಕೂ ಒಗ್ಗುವ ಜಾಗ ಹುಡುಕಲಾಗಿದೆ. ಗುಡ್ಡದ ಏರಿಳಿತವನ್ನೇ ಅನುಸರಿಸುವ ಗಾಳಿಯಾಡುವ ಮೊಗಸಾಲೆಗಳು, ನಡುವಿನ ಅಂಗಳಗಳು ಅವುಗಳನ್ನು ಗ್ರಂಥಾಲಯಕ್ಕೆ ಜೋಡಿಸುತ್ತವೆ. ಮರ ಅಡ್ಡ ಬಂದರೆ ಗೋಡೆ ಬಾಗುತ್ತದೆ. ಗೋಡೆ ಬಾಗಿದರೆ ನಷ್ಟವೇನೂ ಇಲ್ಲ, ಬಾಗಿದ ಗೋಡೆ ನೇರ ಗೋಡೆಗಿಂತ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಬೇಕರ್ ಲೆಕ್ಕ.

ಬುಲ್ಡೋಜರ್ ಕೆಲಸ ಇಲ್ಲವೆಂದರೆ ಡೀಸೆಲ್ ಉಳಿತಾಯ. ಅಷ್ಟೇ ಅಲ್ಲ, ಮಲೆಯಾಳ ದೇಶದ ಮಳೆಗೆ ಅಗೆದ ಗುಡ್ಡ ಏನಾಗುತ್ತದೆ ಎಂಬುದು ವಯನಾಡಿನವರಿಗಾಗಲಿ ಕಾಸರಗೋಡಿನವರಿಗಾಗಲಿ ವಿವರಿಸಬೇಕಾಗಿಲ್ಲ.

ಗೋಡೆ: ಇಲಿಬೋನಿನ ಗುಟ್ಟು

ಬೇಕರ್ ಹೆಸರಿನೊಂದಿಗೆ ಸೇರಿಹೋಗಿರುವ ಗೋಡೆ 'ರ್‍ಯಾಟ್ ಟ್ರ್ಯಾಪ್ ಬಾಂಡ್'. ಕನ್ನಡದಲ್ಲಿ ಇಲಿಬೋನು ಕಟ್ಟು ಎನ್ನಬಹುದು. ಇದು ಬೇಕರ್ ಕಂಡುಹಿಡಿದದ್ದಲ್ಲ, ಇಂಗ್ಲೆಂಡಿನಲ್ಲಿ ಹಿಂದಿನಿಂದ ಇದ್ದ ಕ್ರಮ. ಕೇರಳದ ಮೇಸ್ತ್ರಿಗಳ ಕೈಗೆ ಅದನ್ನು ಹತ್ತಿಸಿದ್ದು ಅವರ ಸಾಧನೆ.

ಸಾಮಾನ್ಯ ಗೋಡೆಯಲ್ಲಿ ಇಟ್ಟಿಗೆಯನ್ನು ಅಂಗಾತ ಮಲಗಿಸಿ ಇಡುತ್ತಾರೆ. ಇಲ್ಲಿ ಮಗ್ಗುಲ ಮೇಲೆ ನಿಲ್ಲಿಸಿ ಇಡುತ್ತಾರೆ. ಗೋಡೆಯ ಹೊರಮುಖಕ್ಕೊಂದು ಒಳಮುಖಕ್ಕೊಂದು ಇಟ್ಟಿಗೆ ನಿಲ್ಲಿಸಿ, ನಡುನಡುವೆ ಅಡ್ಡಲಾಗಿ ಒಂದು ಇಟ್ಟಿಗೆಯನ್ನು ಎರಡೂ ಮುಖಕ್ಕೆ ಕೊಂಡಿಯಂತೆ ಕೂರಿಸಲಾಗುತ್ತದೆ. ಗೋಡೆಯ ದಪ್ಪ ಮಾಮೂಲಿನ ಒಂಬತ್ತು ಇಂಚೇ. ಆದರೆ ಒಳಗೆ ಸಾಲುಸಾಲು ಪೊಳ್ಳು ಕೋಣೆಗಳು ಉಳಿಯುತ್ತವೆ. ಸುಮಾರು ನಾಲ್ಕರಲ್ಲಿ ಒಂದು ಪಾಲು ಇಟ್ಟಿಗೆ ಉಳಿಯಿತು, ಅದಕ್ಕೆ ಬೇಕಾಗಿದ್ದ ಗಾರೆಯೂ ಉಳಿಯಿತು. ಪೊಳ್ಳಿನಲ್ಲಿ ಸಿಕ್ಕಿಕೊಂಡ ಗಾಳಿ ಬಿಸಿಲಿನ ಕಾವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ. ತಳದ ಮತ್ತು ಮೇಲಿನ ಸಾಲು, ಮೂಲೆಗಳು, ಬಾಗಿಲಿನ ಪಕ್ಕಗಳನ್ನು ಮಾತ್ರ ಗಟ್ಟಿಯಾಗಿ ಕಟ್ಟಬೇಕು.

ಸಿ.ಡಿ.ಎಸ್.ನ ಗೋಡೆಗಳಿಗೆ ಸಾರಣೆ ಇಲ್ಲ, ಬಣ್ಣವೂ ಇಲ್ಲ. ಇಟ್ಟಿಗೆಯ ಮೈಯೇ ಗೋಡೆಯ ಮೈ. ಸಾರಣೆ ಬಿಟ್ಟರೆ ಸಿಮೆಂಟು ಮರಳಿನ ಖರ್ಚು ಒಮ್ಮೆಗೆ ತಪ್ಪುತ್ತದೆ, ಬಣ್ಣ ಬಿಟ್ಟರೆ ನಾಲ್ಕೈದು ವರ್ಷಕ್ಕೊಮ್ಮೆ ಬರುವ ಖರ್ಚು ಶಾಶ್ವತವಾಗಿ ತಪ್ಪುತ್ತದೆ. ಸರ್ಕಾರಿ ಅನುದಾನದಲ್ಲಿ ನಡೆಯುವ ಸಂಸ್ಥೆಗಳಲ್ಲಿ ಕಟ್ಟಲು ಹಣ ಸಿಗುತ್ತದೆ, ನೋಡಿಕೊಳ್ಳಲು ಸಿಗುವುದಿಲ್ಲ ಎಂಬುದನ್ನು ಬಲ್ಲವರಿಗೆ ಈ ಎರಡನೆಯ ಉಳಿತಾಯದ ಬೆಲೆ ತಿಳಿದೀತು.

ಜಾಲಿ: ಕಿಟಕಿಗೆ ಬದಲು ಗೋಡೆಯೇ

ತಿರುವನಂತಪುರದ ಸೆಕೆ ಬಿಸಿಲಿಗಿಂತ ತೇವದಿಂದ ಹುಟ್ಟುವಂಥದು. ಉಷ್ಣಾಂಶ 33 ಡಿಗ್ರಿ ದಾಟದಿದ್ದರೂ ಮೈ ಬೆವರು ಆರುವುದಿಲ್ಲ. ಇಂಥ ಕಡೆ ಮನುಷ್ಯನಿಗೆ ಬೇಕಾದದ್ದು ಮೈಮೇಲೆ ಸದಾ ಸುಳಿಯುವ ಗಾಳಿ ಮತ್ತು ತಲೆಯ ಮೇಲೆ ನೆರಳು. ಬೇಕರ್ ಇದಕ್ಕೆ ಬಳಸಿದ ಉಪಾಯ ಜಾಲಿ. ಗೋಡೆ ಕಟ್ಟುವಾಗಲೇ ಲೆಕ್ಕ ಹಾಕಿ ಅಲ್ಲಲ್ಲಿ ಇಟ್ಟಿಗೆ ಬಿಟ್ಟರೆ ಜಾಲಿ ತಾನಾಗಿ ಆಗುತ್ತದೆ. ಮರದ ಚೌಕಟ್ಟು, ಗಾಜು, ಕಬ್ಬಿಣದ ಸರಳು ಏನೂ ಬೇಡ. ಕಿಟಕಿಯ ಖರ್ಚು ಅಷ್ಟೇ ಜಾಗದ ಗೋಡೆಯ ಖರ್ಚಿಗಿಂತ ಹಲವು ಪಟ್ಟು ಹೆಚ್ಚು. ಜಾಲಿಯಲ್ಲಾದರೋ ಇಟ್ಟಿಗೆಯೂ ಉಳಿಯುತ್ತದೆ! ಹೊರಗಿನ ಕಣ್ಣು ಕುಕ್ಕುವ ಬೆಳಕು ನೂರಾರು ತೂತುಗಳಲ್ಲಿ ಸೋಸಿ ಒಳಗೆ ಬರುವುದರಿಂದ ಹಗಲಿನಲ್ಲಿ ದೀಪದ ಅಗತ್ಯವೂ ತಗ್ಗುತ್ತದೆ.

ಕೇರಳದ ಹಳೆಯ ಮರದ ಮನೆಗಳಲ್ಲೂ ಅರಮನೆಗಳಲ್ಲೂ ಕಾಣುವ ಜಾಲಂಧ್ರಗಳ ಇಟ್ಟಿಗೆಯ ರೂಪ ಇದು. ಸಿ.ಡಿ.ಎಸ್.ನಲ್ಲಿ ಒಂದೆಡೆ ಕೊಳಗಳ ಸಾಲಿನ ಪಕ್ಕ ಎತ್ತರದ ಜಾಲಿ ಗೋಡೆ ಎಬ್ಬಿಸಲಾಗಿದೆ. ನೀರಿನ ಮೇಲೆ ತಂಪಾದ ಗಾಳಿಯನ್ನು ಒತ್ತಡದ ವ್ಯತ್ಯಾಸವೇ ಕಟ್ಟಡದೊಳಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಮೋಟರ್ ಇಲ್ಲ, ಸ್ವಿಚ್ ಇಲ್ಲ.

ಮುಂದೆ ಕಂಪ್ಯೂಟರ್ ಕೇಂದ್ರ ಕಟ್ಟಬೇಕಾಗಿ ಬಂದಾಗ ಬೇಕರ್ ವಿಧಾನಕ್ಕೆ ನಿಜವಾದ ಪರೀಕ್ಷೆ ಎದುರಾಯಿತು. ಅಂದಿನ ಕಂಪ್ಯೂಟರ್‌ಗಳಿಗೆ ಧೂಳು, ತೇವ, ಸೆಕೆ ಯಾವುದೂ ಆಗದು. ತೂತಿನ ಗೋಡೆ ಅಲ್ಲಿ ನಡೆಯದು. ಬೇಕರ್ ಎರಡು ಗೋಡೆಗಳ ಎರಡಂತಸ್ತಿನ ಕಟ್ಟಡ ಮಾಡಿದರು. ಹೊರಗೆ ಒಂದನ್ನೊಂದು ಛೇದಿಸುವ ವೃತ್ತಗಳ ಆಕಾರದಲ್ಲಿ ಇಟ್ಟಿಗೆಯ ಜಾಲಿ, ಒಳಗೆ ಯಂತ್ರಗಳಿಗೆ ಬೇಕಾದ ಮುಚ್ಚಿದ ಕೋಣೆ. ನಡುವಿನ ಜಾಗ ಕಚೇರಿಗೆ, ಸಾಮಾನು ಇಡಲು. ಬಿಸಿಲು ಹೊರಗೋಡೆಯಲ್ಲೇ ತಡೆದು ನಿಂತರೆ ಒಳಗಿನ ತಂಪುಯಂತ್ರದ ಕೆಲಸ ಹಗುರವಾಗುವುದು ಸಹಜ. ಹವಾನಿಯಂತ್ರಣ ಬೇಕೇ ಬೇಡವೇ ಎಂಬ ಜಗಳಕ್ಕಿಂತ, ಬೇಕಾದ ಕೋಣೆಯನ್ನು ಬೇಡವಾದ ಕೋಣೆಗಳು ಸುತ್ತುವರಿಯಲಿ ಎಂಬ ಈ ವಿನ್ಯಾಸ ಇಂದಿನ ಕಾಲೇಜುಗಳಿಗೆ ಹೆಚ್ಚು ಉಪಯುಕ್ತ.

ಛಾವಣಿಯಲ್ಲಿ ಮಂಗಳೂರು ಹೆಂಚು

ಕಾಂಕ್ರೀಟ್ ತಾರಸಿಯ ಮೇಲ್ಭಾಗದ ಕಾಂಕ್ರೀಟು ಒತ್ತಡ ಹೊರುತ್ತದೆ. ಕೆಳಭಾಗದಲ್ಲಿ ಎಳೆತವನ್ನು ಹೊರುವುದು ಕಬ್ಬಿಣ. ಅಲ್ಲಿನ ಕಾಂಕ್ರೀಟಿನ ಕೆಲಸ ಹೆಚ್ಚಾಗಿ ಕಬ್ಬಿಣವನ್ನು ಹಿಡಿದುಕೊಂಡಿರುವುದಷ್ಟೇ. ಹಾಗಿದ್ದ ಮೇಲೆ ಕಂಬಿಗಳ ನಡುವಿನ ಆ ಕಾಂಕ್ರೀಟಿನ ಬದಲು ಹಗುರವಾದ, ಅಗ್ಗದ ವಸ್ತು ತುಂಬಿದರೆ ಏನು ಹೋಯಿತು? 'ಫಿಲ್ಲರ್ ಸ್ಲ್ಯಾಬ್' ಎಂಬ ಛಾವಣಿಯ ತರ್ಕ ಇಷ್ಟೇ. ಬೇಕರ್ ತುಂಬಿದ್ದು ಮಂಗಳೂರು ಹೆಂಚು. ಎರಡು ಹೆಂಚುಗಳನ್ನು ಒಂದರ ಮೇಲೊಂದು ಕೂರಿಸಿ ಕಂಬಿಗಳ ಚೌಕದಲ್ಲಿಟ್ಟು ಮೇಲಿನಿಂದ ಕಾಂಕ್ರೀಟು ಹಾಕಲಾಗುತ್ತದೆ. ಹೆಂಚುಗಳ ನಡುವೆ ಉಳಿಯುವ ಗಾಳಿ ಮಾಳಿಗೆಯ ಕಾವನ್ನು ತಡೆಯುತ್ತದೆ. ಕೆಳಗಿನಿಂದ ನೋಡಿದರೆ ಹೆಂಚಿನ ಕೆಂಪು ಚೌಕಗಳು ಚಿತ್ತಾರದಂತೆ ಕಾಣುತ್ತವೆ.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ಆರಂಭಿಸಿದಂದಿನಿಂದ ಕರಾವಳಿಯ ಉದ್ದಕ್ಕೂ ಹರಡಿದ ಹೆಂಚು ಇದು. ಕಾಂಕ್ರೀಟ್ ತಾರಸಿ ಬಂದ ಮೇಲೆ ಹಲವು ಹೆಂಚಿನ ಕಾರ್ಖಾನೆಗಳು ಬಾಗಿಲು ಹಾಕಿದವು, ಕೆಡವಿದ ಹಳೆಯ ಮನೆಗಳ ಹೆಂಚು ರಾಶಿ ಬಿತ್ತು. ಫಿಲ್ಲರ್ ಸ್ಲ್ಯಾಬಿಗೆ ಹೊಸ ಹೆಂಚೇ ಬೇಕೆಂದಿಲ್ಲ. ಬಣ್ಣ ಮಾಸಿದ್ದು, ಅಂಚು ಸ್ವಲ್ಪ ಒಡೆದದ್ದು ಆದರೂ ಸಾಕು. ಹೆಂಚಿನ ಮನೆಯನ್ನು ಹೊರತಳ್ಳಿದ ತಾರಸಿಯೊಳಗೇ ಹೆಂಚಿಗೆ ಜಾಗ ಮಾಡಿಕೊಟ್ಟದ್ದು ಒಂದು ಬಗೆಯ ನ್ಯಾಯವೇ ಸರಿ.

ಬೆಂಗಳೂರಿನಿಂದ ಬಂದ ಲೆಕ್ಕ

ಬೇಕರ್ ಅನುಭವದಿಂದ, ವಿವೇಕದಿಂದ ಹೇಳುತ್ತಿದ್ದುದಕ್ಕೆ ಅಂಕಿ ಅಂಶಗಳ ಬೆಂಬಲ ಸಿಕ್ಕಿದ್ದು ಇನ್ನೊಂದು ವಿದ್ಯಾ ಆವರಣದಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಸಂಗಡಿಗರು 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಎಂಬ ಘಟಕ ತೆರೆದರು. ಕರ್ನಾಟಕದ ಹಳ್ಳಿಗಳಲ್ಲಿ ಹೊಗೆಯಿಲ್ಲದ 'ಅಸ್ತ್ರ ಒಲೆ'ಯಿಂದ ಹೆಸರಾದದ್ದು ಇದೇ. ಅಲ್ಲಿಯೇ ಪ್ರೊ. ಕೆ.ಎಸ್. ಜಗದೀಶ್ ಮತ್ತು ಬಳಗದವರು ಸುಡದ ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ಮಣ್ಣಿಗೆ ಶೇ. 5ರಿಂದ 8ರಷ್ಟು ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ನೀರುಣಿಸಿ ಗಟ್ಟಿ ಮಾಡುವ ಇಟ್ಟಿಗೆ ಇದು. ಗೂಡಿಗೆ ಹೋಗುವ ಪ್ರಮೇಯವೇ ಇಲ್ಲ.

ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಕಟ್ಟಡ ಸಾಮಗ್ರಿಯ ತಯಾರಿಕೆಗೆ ಹಿಡಿಯುವ ಇಂಧನವನ್ನು ಒಂದೊಂದಾಗಿ ಲೆಕ್ಕ ಹಾಕಿದೆ. ಸುಟ್ಟ ಇಟ್ಟಿಗೆ ಒಂದಕ್ಕೆ 4.25 ಮೆಗಾಜೂಲ್. ಅದರ ಎರಡೂವರೆ ಪಟ್ಟಿಗಿಂತ ದೊಡ್ಡದಾದ ಮಣ್ಣು-ಸಿಮೆಂಟು ಇಟ್ಟಿಗೆಗೆ 2.6 ಮೆಗಾಜೂಲ್ ಮಾತ್ರ. ಸಿಮೆಂಟು ಕಿಲೋಗೆ 5.85, ಉಕ್ಕು ಕಿಲೋಗೆ 42, ಅಲ್ಯುಮಿನಿಯಂ ಕಿಲೋಗೆ 236.8. ಒಂದು ಯುನಿಟ್ ವಿದ್ಯುತ್ತೆಂದರೆ 3.6 ಮೆಗಾಜೂಲ್ ಎಂದು ನೆನಪಿಟ್ಟುಕೊಂಡರೆ, 50 ಕಿಲೋದ ಒಂದು ಚೀಲ ಸಿಮೆಂಟಿನಲ್ಲಿ ಸುಮಾರು 81 ಯುನಿಟ್‌ಗೆ ಸಮನಾದ ಶಾಖ ಅಡಗಿದೆ. ಇಂದಿನ ಹೊಸ ಕಟ್ಟಡಗಳ ಮುಖಕ್ಕೆಲ್ಲ ಅಲ್ಯುಮಿನಿಯಂ ಚೌಕಟ್ಟು ಹೊಡೆಯುವವರು ಅದರ ಅಂಕಿಯನ್ನು ಎರಡು ಸಲ ಓದಬೇಕು.

ಛಾವಣಿಯ ವಿಷಯಕ್ಕೆ ಬಂದರೆ, ಮಾಮೂಲಿ ಕಾಂಕ್ರೀಟ್ ಸ್ಲ್ಯಾಬಿಗೆ ಪ್ರತಿ ಚದರ ಮೀಟರ್‌ಗೆ 730 ಮೆಗಾಜೂಲ್, ಮಣ್ಣಿನ ಇಟ್ಟಿಗೆ ತುಂಬಿದ ಫಿಲ್ಲರ್ ಸ್ಲ್ಯಾಬಿಗೆ 590. ಮಂಗಳೂರು ಹೆಂಚಿನ ಮಾಡಿಗೆ 227! ಅಜ್ಜನ ಮನೆಯ ಮಾಡು ಮೂರನೇ ಒಂದು ಪಾಲಿಗಿಂತ ಕಡಿಮೆ ಇಂಧನದಲ್ಲಿ ನಿಂತಿತ್ತು ಎಂದಾಯಿತು.

ಇಡೀ ಕಟ್ಟಡದ ಲೆಕ್ಕ ಇನ್ನೂ ಸ್ಪಷ್ಟ. ಪಿಲ್ಲರ್-ಬೀಮಿನ ಬಹುಮಹಡಿ ಕಟ್ಟಡಕ್ಕೆ ಪ್ರತಿ ಚದರ ಮೀಟರ್‌ಗೆ 4.2 ಗಿಗಾಜೂಲ್ ಹಿಡಿದರೆ, ಭಾರ ಹೊರುವ ಸುಟ್ಟ ಇಟ್ಟಿಗೆ ಗೋಡೆಯ ಕಟ್ಟಡಕ್ಕೆ 2.9, ಮಣ್ಣಿನ ಇಟ್ಟಿಗೆ ಮತ್ತು ಫಿಲ್ಲರ್ ಸ್ಲ್ಯಾಬಿನ ಕಟ್ಟಡಕ್ಕೆ 1.6. ಅಂದರೆ 1,000 ಚದರ ಮೀಟರಿನ ಒಂದು ಸಾಧಾರಣ ಕಾಲೇಜು ಕಟ್ಟಡದಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ 2,600 ಗಿಗಾಜೂಲ್ ವ್ಯತ್ಯಾಸ. ಯುನಿಟ್‌ಗೆ ತಿರುಗಿಸಿದರೆ ಸುಮಾರು 7.2 ಲಕ್ಷ.

ಇದನ್ನು ವಿದ್ಯುತ್ ಬಿಲ್ಲಿನ ಪಕ್ಕ ಇಟ್ಟು ನೋಡಬಹುದು. ಅದೇ ಕಟ್ಟಡದಲ್ಲಿ 75 ವ್ಯಾಟಿನ 100 ಫ್ಯಾನುಗಳನ್ನು ತೆಗೆದು 30 ವ್ಯಾಟಿನ ಹೊಸ ಮಾದರಿಯ ಫ್ಯಾನು ಹಾಕಿದರೆ, ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 200 ದಿನದಲ್ಲಿ 9,000 ಯುನಿಟ್ ಉಳಿಯುತ್ತದೆ. ಕಲ್ಲಿದ್ದಲಿನ ಸ್ಥಾವರದಲ್ಲಿ ಒಂದು ಯುನಿಟ್ ವಿದ್ಯುತ್ತಿಗೆ ಸುಮಾರು ಮೂರು ಯುನಿಟ್‌ನಷ್ಟು ಶಾಖ ಉರಿಯುವುದರಿಂದ ಇದನ್ನು 27,000 ಎಂದೇ ಹಿಡಿಯೋಣ. ಹಾಗೆ ಹಿಡಿದರೂ ಕಟ್ಟುವಾಗ ಉಳಿಸಬಹುದಾಗಿದ್ದ ಇಂಧನವನ್ನು ಫ್ಯಾನುಗಳಿಂದ ಉಳಿಸಲು ಸುಮಾರು 27 ವರ್ಷ ಬೇಕು. ಫ್ಯಾನು ಬದಲಿಸುವುದು ಬೇಡವೆಂದಲ್ಲ. ಕಟ್ಟಡ ಕಟ್ಟುವ ದಿನದ ತೀರ್ಮಾನ ಎಷ್ಟು ದೊಡ್ಡದು ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ.

ಆಕ್ಷೇಪಗಳು

ಇಷ್ಟೆಲ್ಲ ಅನುಕೂಲವಿದ್ದರೆ ಎಲ್ಲ ಕಾಲೇಜುಗಳೂ ಹೀಗೇಕೆ ಆಗಲಿಲ್ಲ? ಮೊದಲ ಕಾರಣ ಸರ್ಕಾರಿ ಲೆಕ್ಕಪತ್ರದಲ್ಲಿದೆ. ಲೋಕೋಪಯೋಗಿ ಇಲಾಖೆಗಳ ದರಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಟೆಂಡರು ಕರೆಯುವುದು ಕಷ್ಟ. ಅಂದಾಜುಪಟ್ಟಿಯ ಮೇಲೆ ಶೇಕಡಾವಾರು ಶುಲ್ಕ ಪಡೆಯುವ ಪದ್ಧತಿಯಲ್ಲಿ ಕಡಿಮೆ ಖರ್ಚಿನ ಕಟ್ಟಡದಿಂದ ವಿನ್ಯಾಸಗಾರನಿಗೆ ಸಿಗುವುದೂ ಕಡಿಮೆ. ಬೇಕರ್ ತಾವೇ ಸ್ಥಳದಲ್ಲಿ ನಿಂತು, ಮೇಸ್ತ್ರಿಗಳ ಜೊತೆ ಮಾತಾಡುತ್ತ, ಅಲ್ಲಿಂದಲ್ಲೇ ನಕ್ಷೆ ತಿದ್ದುತ್ತ ಕಟ್ಟಿಸುತ್ತಿದ್ದರು. ಎಲ್ಲ ವಾಸ್ತುಶಿಲ್ಪಿಗಳಿಂದ ಅದನ್ನು ನಿರೀಕ್ಷಿಸಲಾಗದು.

ಕೆಲಸಗಾರರ ಕೊರತೆಯೂ ನಿಜ. ಇಲಿಬೋನು ಕಟ್ಟಿಗೆ ಇಟ್ಟಿಗೆಯ ಅಳತೆ ಒಂದೇ ಸಮ ಇರಬೇಕು, ಗಾರೆ ಪೊಳ್ಳಿನೊಳಗೆ ಉದುರಬಾರದು, ಕೈ ಪಳಗಿರಬೇಕು. ವಿದ್ಯುತ್ ತಂತಿ, ನೀರಿನ ಕೊಳವೆ ಎಲ್ಲಿ ಹೋಗಬೇಕೆಂದು ಮೊದಲೇ ತೀರ್ಮಾನವಾಗಿರಬೇಕು. ಆಮೇಲೆ ಗೋಡೆ ಕೊರೆದರೆ ಗೋಡೆಯ ಅರ್ಥವೇ ಹೋಗುತ್ತದೆ. ಸಾರಣೆಯಿಲ್ಲದ ಗೋಡೆಗೆ ಮಳೆ ನೇರ ಹೊಡೆದರೆ ಹಾವಸೆ ಹಿಡಿಯುತ್ತದೆ, ಆದ್ದರಿಂದ ಮಾಡಿನ ಇಳಿಜಾರು ಹೊರಚಾಚಿರಬೇಕು. ಜಾಲಿಯ ತೂತಿನಲ್ಲಿ ಧೂಳು, ಜೇಡರ ಬಲೆ, ಸೊಳ್ಳೆ ಇದ್ದದ್ದೇ. ರಸ್ತೆ ಬದಿಯ ಕಟ್ಟಡದಲ್ಲಿ ಸದ್ದೂ ಒಳಬರುತ್ತದೆ. ಇವೆಲ್ಲ ಸಣ್ಣ ದೂರುಗಳೇನಲ್ಲ. ಆದರೆ ಇವುಗಳಲ್ಲಿ ಯಾವುದಕ್ಕೂ ಪರಿಹಾರ ಗಾಜಿನ ಗೋಡೆ ಅಲ್ಲ. ಗಾಜು ಬಿಸಿಲಿನ ಕಾವನ್ನು ಒಳಗೆ ಬಿಟ್ಟು ಹಿಡಿದಿಟ್ಟುಕೊಳ್ಳುತ್ತದೆ, ಆ ಕಾವನ್ನು ಹೊರಹಾಕಲು ವರ್ಷವಿಡೀ ಎ.ಸಿ. ಓಡಬೇಕಾಗುತ್ತದೆ.

ಕೆಲಸಗಾರರನ್ನು ತಯಾರು ಮಾಡುವ ಪ್ರಯತ್ನ ಕೇರಳದಲ್ಲೇ ನಡೆಯಿತು. ಅಚ್ಯುತ ಮೆನನ್, ಕೆ.ಎನ್. ರಾಜ್, ಬೇಕರ್ ಮೊದಲಾದವರು ಸೇರಿ 1985ರಲ್ಲಿ ತ್ರಿಶೂರಿನಲ್ಲಿ 'ಕಾಸ್ಟ್‌ಫೋರ್ಡ್' ಸಂಸ್ಥೆ ಕಟ್ಟಿದರು. ಮರುವರ್ಷ ಕೊಲ್ಲಂನಲ್ಲಿ ಮೊದಲ ನಿರ್ಮಿತಿ ಕೇಂದ್ರ ಆರಂಭವಾಯಿತು. ಕರ್ನಾಟಕದ ಜಿಲ್ಲೆಗಳಲ್ಲಿ ಇಂದು ಕಾಣುವ ನಿರ್ಮಿತಿ ಕೇಂದ್ರಗಳ ಬೇರು ಅಲ್ಲಿದೆ. ಅವುಗಳಲ್ಲಿ ಎಷ್ಟೋ ಈಗ ಮಾಮೂಲಿ ಪಿಲ್ಲರ್-ಬೀಮಿನ ಕಟ್ಟಡಗಳ ಗುತ್ತಿಗೆಯಲ್ಲೇ ಮುಳುಗಿರುವುದು ವಿಷಾದದ ಸಂಗತಿ.

ಗಡಿನಾಡಿಗೆ ಇದು ಎಷ್ಟು ಒಪ್ಪುತ್ತದೆ?

ಕಾಸರಗೋಡಿಗೆ ಬೇಕರ್ ವಿಧಾನದ ಅರ್ಧ ಪಾಠ ಮೊದಲೇ ಗೊತ್ತು. ಇಲ್ಲಿನ ಮುರಕಲ್ಲು, ಅಂದರೆ ಕೆಂಪುಕಲ್ಲು, ನೆಲದಿಂದ ಕಡಿದು ತೆಗೆದು ಗಾಳಿಗೆ ಬಿಟ್ಟರೆ ತಾನೇ ಗಟ್ಟಿಯಾಗುತ್ತದೆ. ಬೆಂಕಿಯ ಹಂಗಿಲ್ಲ. ಮೈಸೂರು, ಕೆನರಾ, ಮಲಬಾರು ಸುತ್ತಿ ಬಂದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸ ವರದಿಯಲ್ಲಿ ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟದ್ದು ಮಲಪ್ಪುರಂ ಜಿಲ್ಲೆಯ ಅಂಗಾಡಿಪುರದಲ್ಲಿ ಕಂಡ ಮಾದರಿಯಿಂದ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಮುಂದೆ ಚಾವಡಿ, ಇದಕ್ಕಿಂತ ಕಡಿಮೆ ಇಂಧನದ ಕಟ್ಟಡ ಹುಡುಕುವುದು ಕಷ್ಟ. 2009ರಲ್ಲಿ ಸ್ಥಾಪನೆಯಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ಪೆರಿಯದಲ್ಲಿರುವುದೂ ಇಂಥದೇ ಮುರಕಲ್ಲಿನ ಸೀಮೆಯಲ್ಲಿ. ಆದರೆ ಕಲ್ಲಿನ ಕ್ವಾರಿಗಳಿಗೂ ಮಿತಿ ಬೇಕು. ಅಗೆದು ಬಿಟ್ಟ ಹೊಂಡಗಳು ಮಳೆಗಾಲದಲ್ಲಿ ಮಕ್ಕಳ ಪ್ರಾಣಕ್ಕೆ ಎರವಾಗುವ ಸುದ್ದಿ ಹೊಸದಲ್ಲ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದೋನಿ, ರಾಯದುರ್ಗದ ಕಡೆಗೆ ಇದೇ ಜಾಲಿಯನ್ನು ಎತ್ತಿಕೊಂಡು ಹೋದರೆ ಮಾತ್ರ ಪೆಟ್ಟು ತಿನ್ನಬೇಕಾಗುತ್ತದೆ. ಅಲ್ಲಿನ ಬೇಸಿಗೆಯಲ್ಲಿ ಹಗಲು 40 ಡಿಗ್ರಿ ದಾಟುತ್ತದೆ, ಗಾಳಿ ಒಣ. ಹಗಲಿನ ಬಿಸಿಗಾಳಿಯನ್ನು ಒಳಗೆ ಕರೆದರೆ ಕುಳಿತವರು ಬೆಂದುಹೋಗುತ್ತಾರೆ. ಅಲ್ಲಿಗೆ ಬೇಕಾದದ್ದು ದಪ್ಪ ಗೋಡೆ, ಸಣ್ಣ ಕಿಟಕಿ, ಹಗಲು ಮುಚ್ಚಿ ರಾತ್ರಿ ತೆರೆಯುವ ಗವಾಕ್ಷಿ. ಆ ಸೀಮೆಯ ಹಳೆಯ ಮಾಳಿಗೆ ಮನೆಗಳು ಮಾಡಿದ್ದೇ ಅದನ್ನು. ಎರಡಡಿ ದಪ್ಪದ ಕಲ್ಲುಮಣ್ಣಿನ ಗೋಡೆ ಹಗಲಿನ ಕಾವನ್ನು ಒಳಗೆ ಮುಟ್ಟಿಸುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಶಹಾಬಾದ್ ಕಲ್ಲು, ಕಡಪ ಕಲ್ಲು ಅಲ್ಲಿ ಕೈಗೆಟಕುವ ದೂರದಲ್ಲಿ ಸಿಗುತ್ತವೆ. ನೆಲಕ್ಕೆ ದೂರದ ಗುಜರಾತಿನ ಟೈಲ್ಸ್ ತರಿಸುವ ಕಾಲೇಜು ಐದು ಮೈಲಿಯ ಮಾತನ್ನು ಮರೆತಿದೆ ಎನ್ನಬೇಕು. ನೀಲಗಿರಿಯಲ್ಲಿ ಸಮಸ್ಯೆಯೇ ತಿರುಗುಮುರುಗು, ಅಲ್ಲಿ ಒಳಗಿನ ಬೆಚ್ಚಗೆ ಹೊರಗೆ ಹೋಗದಂತೆ ನೋಡಬೇಕು. ಬೇಕರ್ ನಕ್ಷೆಗಳನ್ನು ನಕಲು ಮಾಡುವುದಕ್ಕಿಂತ ಅವರು ಹಾಕುತ್ತಿದ್ದ ಪ್ರಶ್ನೆಯನ್ನು ಎರವಲು ಪಡೆಯುವುದು ಎಲ್ಲ ಕಡೆಗೂ ಒಗ್ಗುತ್ತದೆ: ಈ ಊರಿನಲ್ಲಿ ಏನು ಸಿಗುತ್ತದೆ, ಈ ಊರಿನ ಸೆಕೆ ಎಂಥದು?

ಈಗಾಗಲೇ ನಿಂತಿರುವ ಕಟ್ಟಡಗಳಲ್ಲಿ

ಹೆಚ್ಚಿನ ಕಾಲೇಜುಗಳ ಕಟ್ಟಡ ಎಂದೋ ಕಟ್ಟಿ ಆಗಿದೆ. ಅಲ್ಲಿ ಮಾಡಬಹುದಾದದ್ದರಲ್ಲಿ ಮೊದಲು ನೆರಳು. ಪಶ್ಚಿಮದ ಗೋಡೆಗೆ ಮರ ಅಥವಾ ಬಳ್ಳಿಯ ಚಪ್ಪರ, ತಾರಸಿಗೆ ಸುಣ್ಣ ಅಥವಾ ಬಿಳಿ ಬಣ್ಣ. ಎರಡಕ್ಕೂ ಖರ್ಚು ಅತ್ಯಲ್ಪ. ನಂತರ ಫ್ಯಾನು, ದೀಪ. ಹಳೆಯ ಚೋಕಿನ ಟ್ಯೂಬ್‌ಲೈಟ್ ಚೋಕ್ ಸೇರಿ 50 ವ್ಯಾಟ್ ದಾಟುತ್ತದೆ, ಅದೇ ಬೆಳಕಿನ ಎಲ್‌ಇಡಿ ಟ್ಯೂಬ್ 20 ವ್ಯಾಟಿನಲ್ಲಿ ಮುಗಿಸುತ್ತದೆ. ಎ.ಸಿ. ಇರುವ ಕಡೆ ಅದನ್ನು 24 ಡಿಗ್ರಿಗೆ ಇಡಬೇಕೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ 2018ರಿಂದ ಹೇಳುತ್ತ ಬಂದಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆ. 18 ಡಿಗ್ರಿಗೆ ಇಟ್ಟು ಸ್ವೆಟರ್ ಹಾಕಿಕೊಂಡು ಕೂರುವ ಕಚೇರಿಗಳು ನಮ್ಮಲ್ಲಿ ಇಲ್ಲದಿಲ್ಲ.

ಹಾಸ್ಟೆಲುಗಳಲ್ಲಿ ಸ್ನಾನದ ನೀರೇ ದೊಡ್ಡ ಖರ್ಚು. 100 ಲೀಟರ್ ನೀರನ್ನು 25ರಿಂದ 50 ಡಿಗ್ರಿಗೆ ಏರಿಸಲು ಸುಮಾರು 2.9 ಯುನಿಟ್ ಬೇಕು. 200 ಮಕ್ಕಳಿಗೆ ತಲಾ 15 ಲೀಟರ್ ಬಿಸಿನೀರೆಂದರೆ ದಿನಕ್ಕೆ 87 ಯುನಿಟ್. ಸೋಲಾರ್ ಹೀಟರ್ ಇದರ ಬಹುಪಾಲನ್ನು ಬಿಸಿಲಿನಿಂದ ಭರಿಸುತ್ತದೆ, ಕರಾವಳಿಯ ಮಳೆಗಾಲದ ತಿಂಗಳುಗಳನ್ನು ಬಿಟ್ಟು.

ಸೌರವಿದ್ಯುತ್ ಫಲಕಗಳ ಸರದಿ ಬರಬೇಕಾದದ್ದು ಇದೆಲ್ಲ ಆದ ಮೇಲೆ. ಒಂದು ಕಿಲೋವ್ಯಾಟಿನ ಫಲಕಕ್ಕೆ ತಾರಸಿಯಲ್ಲಿ ನೂರು ಚದರ ಅಡಿಯಷ್ಟು ನೆರಳಿಲ್ಲದ ಜಾಗ ಬೇಕು. ಅದು ಸರಾಸರಿ ದಿನಕ್ಕೆ ನಾಲ್ಕು ಯುನಿಟ್ ಕೊಡುತ್ತದೆ. ಫ್ಯಾನು ಬದಲಿಸಿ ವರ್ಷಕ್ಕೆ 9,000 ಯುನಿಟ್ ಉಳಿಸಿದ ಕಾಲೇಜಿಗೆ ಆರು ಕಿಲೋವ್ಯಾಟಿನಷ್ಟು ಫಲಕವನ್ನು ಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ತಾರಸಿಯ ಅಷ್ಟು ಜಾಗ ಬಟ್ಟೆ ಒಣಗಿಸಲು ಉಳಿಯುತ್ತದೆ.